ಎಲ್ಲ ಮಕ್ಕಳೂ ಒಂದೇ ಪುಟವನ್ನು ನಕಲು ಮಾಡಿ ತರುವ ಬಗ್ಗೆ
‘ಜ್ವಾಲಾಮುಖಿಗಳ ಕುರಿತು ಅಂತರ್ಜಾಲದಿಂದ ಮಾಹಿತಿ ಸಂಗ್ರಹಿಸಿ’ ಎಂದು ಎಂಟನೆಯ ತರಗತಿಗೆ ನೀವು ಕೊಟ್ಟ ಯೋಜನೆಗೆ ಎಲ್ಲರೂ ವಿಕಿಪೀಡಿಯದ ಒಂದೇ ಪುಟವನ್ನು ಬರೆದು ತಂದಿದ್ದರೆ, ಅದಕ್ಕೆ ಕಾರಣ ಬಹುಮಟ್ಟಿಗೆ ಪ್ರಶ್ನೆಯೇ ಹೊರತು ಮಕ್ಕಳ ಸೋಮಾರಿತನವಲ್ಲ. ನನ್ನ ತರಗತಿಯಲ್ಲಿಯೂ ಹೀಗೆಯೇ ಆಗಿತ್ತು.

ಮೊದಲು, ಒಂದೇ ಪುಟದಿಂದ ಎತ್ತಿಕೊಳ್ಳಲಾಗದಂತಹ, ಹೋಲಿಸಿ ತೀರ್ಮಾನಿಸಬೇಕಾದ ಪ್ರಶ್ನೆ ಕೇಳಿ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಭಾರಿ ಪ್ರಮಾಣದಲ್ಲಿ ಸ್ಫೋಟಿಸಿದಾಗ ಸತ್ತವರು 57 ಮಂದಿ. 1985ರಲ್ಲಿ ಕೊಲಂಬಿಯದ ನೆವಾಡೊ ಡೆಲ್ ರೂಯಿಜ್‌ನ ಅದಕ್ಕಿಂತ ಚಿಕ್ಕ ಸ್ಫೋಟಕ್ಕೆ 20,000ಕ್ಕೂ ಹೆಚ್ಚು ಮಂದಿ ಬಲಿಯಾದರು. ಹೀಗೇಕಾಯಿತು?

ಅನಂತರ ಮಕ್ಕಳನ್ನು ಹುಡುಕಾಟಕ್ಕೆ ಬಿಡದೆ, ನೀವೇ ಪೂರ್ತಿ ಓದಿ ನೋಡಿದ ನಾಲ್ಕೈದು ಪುಟಗಳ ಕೊಂಡಿಗಳನ್ನು ಕೊಡಿ. 1995ರಲ್ಲಿ ಅಮೆರಿಕದ ಪ್ರಾಧ್ಯಾಪಕ ಬರ್ನಿ ಡಾಜ್ ಅವರು ರೂಪಿಸಿದ ‘ವೆಬ್‌ಕ್ವೆಸ್ಟ್’ ವಿಧಾನದ ತಿರುಳೂ ಇದೇ: ಮಕ್ಕಳ ಸಮಯ ಹುಡುಕುವುದಕ್ಕಲ್ಲ, ಯೋಚಿಸುವುದಕ್ಕೆ ಸಲ್ಲಬೇಕು. ಒಂದು ಗುಂಪು ರೂಯಿಜ್‌ನಲ್ಲಿ ಹಿಮ ಕರಗಿ ಹರಿದ ಕೆಸರಿನ ಪ್ರವಾಹವನ್ನು, ಇನ್ನೊಂದು ಮುನ್ನೆಚ್ಚರಿಕೆಗಳನ್ನು, ಮತ್ತೊಂದು ನಕ್ಷೆಯಲ್ಲಿ ಆ ಕೆಸರಿನಡಿ ಹೂತುಹೋದ ಅರ್ಮೇರೊ ಪಟ್ಟಣ ಇದ್ದ ಜಾಗವನ್ನು ನೋಡಲಿ.

ಓದುವಾಗ ಬಿಡಿ ಪದಗಳನ್ನಷ್ಟೇ ಗುರುತು ಹಾಕಿಕೊಂಡು, ಪರದೆ ಮುಚ್ಚಿದ ಮೇಲೆ ಸ್ವಂತ ವಾಕ್ಯಗಳಲ್ಲಿ ಬರೆಯಲಿ; ಪ್ರತಿ ಸಂಗತಿಯ ಮುಂದೆ ಅದು ಸಿಕ್ಕ ಪುಟದ ಹೆಸರಿರಲಿ. ಅಂಕ ಕೊಡುವ ಮಾನದಂಡವನ್ನು ಮೊದಲ ದಿನವೇ ತಿಳಿಸಿಬಿಡಿ.

ಇಷ್ಟಾದರೂ ನಕಲು ನಿಲ್ಲದಿದ್ದರೆ, ಪುಟಗಳ ಭಾಷೆ ಅವರಿಗೆ ಕಠಿಣವಾಗಿರಬಹುದು. ಒಬ್ಬ ವಿದ್ಯಾರ್ಥಿಯಿಂದ ಒಂದು ಪ್ಯಾರಾ ಓದಿಸಿ, ಪುಟ ನೋಡದೆ ಅದನ್ನು ಹೇಳಿಸಿ; ತಡವರಿಸಿದರೆ ಆ ಪುಟವನ್ನು ಬದಲಿಸಿ.