ತಣ್ಣನ್ನ ಜೆಲ್ ಹಚ್ಚಿ ತಿಕ್ಕೋ ಅಲ್ಟ್ರಾಸೌಂಡ್ ಮಷಿನ್ ನಿಜಕ್ಕೂ ಏನರ ಮಾಡ್ತೈತೇನು?

ನಿಮ್ಮ ಪ್ರಶ್ನಿ ಓದಿ ಸುಮ್ನ ಮುಂದ ಹೋಗಾಕ ಮನಸ್ಸಾಗ್ಲಿಲ್ರಿ. ಅವ್ವಾರಿಗೆ ಬಲಗಡೆ ಭುಜ ಹಿಡಕೊಂಡು ಮೂರ್ ತಿಂಗಳಾತು, ಶುಗರೂ ಐತಿ, ಡಾಕ್ಟರು ಫ್ರೋಜನ್ ಶೋಲ್ಡರ್ ಅಂದಾರ, ಹನ್ನೆರಡ್ ದಿನದಿಂದ ಫಿಸಿಯೋಥೆರಪಿಗೆ ಕರ್ಕೊಂಡ್ ಹೋಗಾಕತ್ತೀರಿ, ಅಲ್ಲಿ ತಣ್ಣನ್ನ ಜೆಲ್ ಹಚ್ಚಿ ಸ್ಟೀಲಿನ ಹೆಡ್ ಎಂಟ್ ನಿಮಿಷ ತಿಕ್ಕಿ ಮನಿಗೆ ಕಳಸ್ತಾರ, ಬಿಸಿನೂ ಆಗಂಗಿಲ್ಲ, ಕರೆಂಟ್ ಹಿಡದಂಗೂ ಆಗಂಗಿಲ್ಲ, ಇದರಾಗ ಏನರ ಐತೋ ಇಲ್ಲಾ ಬರೇ ರೊಕ್ಕದ ಆಟಾನೋ ಅಂತ ಕೇಳೀರಿ. ನಾ ವಿಜಯಪುರದಾಗ ಹದಿನಾಲ್ಕ್ ವರ್ಷದಿಂದ ಫಿಸಿಯೋಥೆರಪಿ ಮಾಡಾಂವ, ಆ ಹೆಡ್ ದಿನಾ ನನ್ನ ಕೈಯಾಗ ಇರೋದ. ಅದಕ್ಕ ಮೊದಲ ಒಂದ್ ಮಾತ್ ಹೇಳಿಬಿಡ್ತೀನಿ, ಏನೂ ಅನಸ್ಲಿಲ್ಲ ಅನ್ನೋದರಾಗ ತಪ್ಪೇನಿಲ್ಲ, ಆದ್ರ ಬರೇ ಅದನ್ನ ತಿಕ್ಕಿ ಮನಿಗೆ ಕಳಸ್ತಾರಲ್ಲ, ತಪ್ಪು ಅಲ್ಲೈತಿ.

ಅಲ್ಟ್ರಾಸೌಂಡ್ ಅಂದಕೂಡ್ಲೆ ಎಲ್ಲಾರಿಗೂ ಬಸರೀಮಂದಿ ಸ್ಕ್ಯಾನಿಂಗ್ ನೆನಪಾಗ್ತೈತಿ. ಎರಡೂ ಒಂದ ಜಾತಿ ಸಪ್ಪಳ, ಆದ್ರ ಕೆಲಸ ಬ್ಯಾರೆ. ಸ್ಕ್ಯಾನಿಂಗ್ ಮಷಿನ್ ಸಪ್ಪಳ ಬಿಟ್ಟು ತಿರುಗಿ ಬರೋದನ್ನ ಕೇಳಿ ಚಿತ್ರ ಬರೀತೈತಿ, ನಮ್ಮ ಮಷಿನ್ ಏನೂ ನೋಡಂಗಿಲ್ಲ, ಸಪ್ಪಳದ ಶಕ್ತಿನ ಒಳಗ ಬಿಡೋದಷ್ಟ ಅದರ ಕೆಲಸ. ಮನುಷ್ಯಾನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಸಲ ನಡುಗೋ ಸಪ್ಪಳ ಕೇಳಸ್ತೈತಿ, ಅವ್ವಾರ ಭುಜಕ್ಕ ಹಚ್ಚೋದು ಸೆಕೆಂಡಿಗೆ 10 ಲಕ್ಷ ಇಲ್ಲಾ 30 ಲಕ್ಷ ಸಲ ನಡುಗೋದು, ಮಷಿನ್ ಮ್ಯಾಲ 1 ಮೆಗಾಹರ್ಟ್ಜ್, 3 ಮೆಗಾಹರ್ಟ್ಜ್ ಅಂತ ಬರದಿರ್ತೈತಿ ನೋಡ್ರಿ, ಅದ ಇದು. ಆ ಸ್ಟೀಲಿನ ಹೆಡ್ ಒಳಗ ಒಂದ್ ತೆಳ್ಳನ್ನ ಕ್ರಿಸ್ಟಲ್ ಬಿಲ್ಲಿ ಕುಂತಿರ್ತೈತಿ, ಅದಕ್ಕ ಕರೆಂಟ್ ಕೊಟ್ರ ಉಬ್ಬತೈತಿ ತಗ್ಗತೈತಿ, ಹಂಗ ಉಬ್ಬಿ ತಗ್ಗಿ ನಡುಗೇ ಸಪ್ಪಳ ಹುಟ್ಟತೈತಿ. ಇಂಥ ಹರಳನ್ನ ಒತ್ತಿದ್ರ ಕರೆಂಟ್ ಹುಟ್ಟತೈತಿ ಅಂತ 1880ರಾಗ ಕ್ಯೂರಿ ಅಣ್ಣತಮ್ಮರು ತೋರಿಸಿದ್ರು, ಕರೆಂಟ್ ಕೊಟ್ರ ಹರಳು ಅಲಗಾಡ್ತೈತಿ ಅನ್ನೋ ಉಲ್ಟಾ ಮಾತು ಅದರ ಮರುವರ್ಷ ಬಂತು. ಮುಂದ ಮೊದಲನೇ ಮಹಾಯುದ್ಧದಾಗ ಫ್ರಾನ್ಸಿನ ಪಾಲ್ ಲಾಂಜೆವಿನ್ ಅನ್ನೋರು ಜಲಾಂತರ್ಗಾಮಿ ಹುಡುಕಾಕ ನೀರಾಗ ಈ ಸಪ್ಪಳ ಬಿಟ್ಟು ನೋಡಾಕತ್ತಿದ್ರ ಹತ್ರ ಬಂದ ಸಣ್ಣ ಮೀನ ಸತ್ತವು, ನೀರಾಗ ಕೈ ಇಟ್ರ ಕೈ ನೋಯಾಕತ್ತು. ಕಿವಿಗೆ ಕೇಳದಿದ್ರೂ ಮೈಗೆ ತಟ್ಟೋ ಸಪ್ಪಳ ಇದು ಅಂತ ಗೊತ್ತಾಗಿದ್ದ ಹಿಂಗ.

ಜೆಲ್ ಯಾಕ ಹಚ್ತಾರ ಅಂದ್ರ, ನೀವು ಗೋಳಗುಮ್ಮಟದ ಮ್ಯಾಲ ಏರಿ ಕೂಗಿರಬೇಕಲ್ಲ, ಗ್ವಾಡಿಗೆ ಬಡದು ನಿಮ್ಮ ದನಿ ನಿಮಗ ತಿರುಗಿ ತಿರುಗಿ ಬರ್ತೈತಿ. ಸಪ್ಪಳ ಒಂದ್ ಜಾಗದಿಂದ ಪೂರಾ ಬ್ಯಾರೆ ಥರದ ಜಾಗಕ್ಕ ಬಂದಾಗ ಒಳಗ ಹೋಗೋದ್ ಬಿಟ್ಟು ಹೊಳ್ಳಿ ಬರ್ತೈತಿ. ಹೆಡ್ಡಿಗೂ ಚರ್ಮಕ್ಕೂ ನಡುವ ಕೂದಲೆಳಿಯಷ್ಟು ಗಾಳಿ ಉಳದ್ರೂ ಸಾಕು, ಹತ್ರಹತ್ರ ಎಲ್ಲಾ ಸಪ್ಪಳ ಅಲ್ಲೇ ತಿರುಗಿ ಹೆಡ್ಡಿಗೆ ವಾಪಸ್ ಬರ್ತೈತಿ, ಒಳಗ ಏನೂ ಹೋಗಂಗಿಲ್ಲ. ಆ ಗಾಳಿ ತುಂಬಾಕ ಜೆಲ್. ಅದಕ್ಕ ಜೆಲ್ ಕಡಿಮಿ ಹಚ್ಚಿ ಕುಬಸದ ಅಂಚಿನ ಮ್ಯಾಲ ತಿಕ್ಕಿದ್ರ ಏನೂ ಉಪಯೋಗ ಇಲ್ರಿ, ಮನ್ಯಾಗಿನ ನೋವಿನ ಬಿಳಿ ಕ್ರೀಮ್ ತಗೊಂಡ್ ಬಂದು ಇದನ್ನ ಹಚ್ರಿ ಅಂತ ಕೊಡಬ್ಯಾಡ್ರಿ, ದಪ್ಪನ್ನ ಬಿಳಿ ಕ್ರೀಮ್ ಭಾಳಷ್ಟು ಸಪ್ಪಳನ್ನ ತಡೀತಾವು.

ಒಳಗ ಹೋದ ಮ್ಯಾಲ ಏನಾಗ್ತೈತಿ. 1 ಮೆಗಾಹರ್ಟ್ಜ್ ಇದ್ರ ಮೂರ್ನಾಲ್ಕ್ ಸೆಂಟಿಮೀಟರ್ ಆಳಕ್ಕ, ಕೆಲವು ಕಡೆ ಇನ್ನೂ ಸ್ವಲ್ಪ ಒಳಗ ಹೋಗ್ತೈತಿ, 3 ಇದ್ರ ಒಂದೆರಡ್ ಸೆಂಟಿಮೀಟರಿನ್ಯಾಗ ಮುಗೀತು. ಕೊಬ್ಬು ಇದನ್ನ ಹೆಚ್ಚ ಹಿಡಿಯಂಗಿಲ್ಲ, ಕೊಲಾಜನ್ ಅನ್ನೋ ಗಟ್ಟಿ ನಾರು ತುಂಬಿದ ಸ್ನಾಯುರಜ್ಜು, ಕೀಲಿನ ಕಟ್ಟು, ಕೀಲಿನ ಚೀಲ ಇವು ಹೀರ್ತಾವು, ಹೀರಿದ್ದು ಕಾವಾಗ್ತೈತಿ. ಒಳಗಿನ ಉಷ್ಣ 40ರಿಂದ 45 ಡಿಗ್ರಿ ಆದ್ರ ರಕ್ತ ಹೆಚ್ಚ ಹರೀತೈತಿ, ಬಿಗದಿದ್ದು ಸ್ವಲ್ಪ ಸಡಿಲ ಆಗ್ತೈತಿ, ಆಗ ಎಳದ್ರ ಹಿಗ್ಗತೈತಿ. ಆದ್ರ ಈ ಸಡಿಲ ಕೆಲವ ನಿಮಿಷದ್ದು ಅಷ್ಟ, ಹೆಡ್ ತಗದಕೂಡ್ಲೆ ಕಾವ್ ಇಳ್ಯಾಕ ಶುರು. ಇನ್ನ ಹೆಡ್ಡಿನಿಂದ ಬರೋ ಶಕ್ತಿ ಎಲ್ಲಾ ಕಡೆ ಒಂದ ಸಮ ಇರಂಗಿಲ್ಲ, ನಡುನಡುವ ಐದಾರ್ ಪಟ್ಟು ಜೋರಿನ ಜಾಗ ಇರ್ತಾವು, ಅದಕ್ಕ ಹೆಡ್ ಎಲ್ಲೂ ನಿಲ್ಲಿಸದ ಸಾವಕಾಶ ಆಡಸ್ತಾ ಇರಬೇಕು, ಹಂಚಿನ ಮ್ಯಾಲಿನ ರೊಟ್ಟಿ ತಿರುಗಿಸದ ಬಿಟ್ರ ಒಂದ ಕಡೆ ಕರಕ ಆಗ್ತೈತಲ್ಲ ಹಂಗ. ಮತ್ತ ದೊಡ್ಡ ಜಾಗನೂ ತಿಕ್ಕಬಾರದು, ಹೆಡ್ಡಿನ ಎರಡ್ಮೂರ್ ಪಟ್ಟು ಅಷ್ಟ. ಇಡೀ ಬೆನ್ನು ಐದ್ ನಿಮಿಷದಾಗ ತಿಕ್ಕಿ ಮುಗಿಸಿದ್ರ ಯಾವ ಜಾಗಕ್ಕೂ ಏನೂ ಮುಟ್ಟಿರಂಗಿಲ್ಲ.

ಅವ್ವಾರಿಗೆ ಏನೂ ಯಾಕ ಅನಸವಲ್ದು ಅಂದ್ರ, ಒಂದು, ಅವರಿಗೆ ಪಲ್ಸ್ ಮೋಡ್ ಇಟ್ಟಿರಬಹುದು. ಅಂದ್ರ ಸಪ್ಪಳ ಬಿಟ್ಟು ಬಿಟ್ಟು ಬರ್ತೈತಿ, ಐದ್ ಪಾಲಿನ್ಯಾಗ ಒಂದ್ ಪಾಲು ಚಾಲೂ ನಾಲ್ಕ್ ಪಾಲು ಬಂದ್, ಹಿಂಗಾದ್ರ ಕಾವ ಆಗಂಗಿಲ್ಲ, ಜೀವಕೋಶದ ಸುತ್ತ ಸಣ್ಣ ಗುಳ್ಳಿ ನಡುಗಿ ದ್ರವ ಅಲಗಾಡಿ ಗಾಯ ಮಾಯೋದಕ್ಕ ಅನುಕೂಲ ಆಗ್ತೈತಿ ಅಂತ ಲೆಕ್ಕ. ಲ್ಯಾಬಿನ್ಯಾಗ ಕಾಣಿಸಿದ ಮಾತು ಇದು, ಮನುಷ್ಯಾನ ಭುಜದಾಗ ಎಷ್ಟರ ಮಟ್ಟಿಗೆ ನಡೀತೈತಿ ಅಂತ ಎದಿ ತಟ್ಟಿ ಹೇಳಾಕ ಬರಂಗಿಲ್ಲ. ಎರಡು, ಸತತ ಇಟ್ರೂ ಕಾವು ಒಳಗ ಆಗ್ತೈತಿ, ಬಿಸಿ ತಿಳಿಯೋ ನರ ಹೆಚ್ಚಿರೋದು ಚರ್ಮದಾಗ, ಅಲ್ಲಿ ತಣ್ಣನ್ನ ಜೆಲ್ ಇರ್ತೈತಿ. ಹೆಚ್ಚಂದ್ರ ಉಗುರುಬೆಚ್ಚಗ ಅನಸಬೇಕು. ಎಲುಬಿನೊಳಗ ಹಲ್ಲುನೋವಿನಂಗ ಜಗ್ಗಿದ್ರ ಆ ಕ್ಷಣಾನ ಬಾಯಿಬಿಟ್ಟು ಹೇಳಬೇಕ್ರಿ, ನಮ್ಮ ವಯಸ್ಸಾದ ಹೆಣಮಕ್ಕಳು ಡಾಕ್ಟರಿಗೆ ಬ್ಯಾಸರ ಆಗ್ತೈತಿ ಅಂತ ಹಲ್ಲ ಕಚ್ಚಿ ಕುಂದರ್ತಾರ, ಅದು ಬ್ಯಾಡ.

ಈಗ ನಿಮ್ಮ ನಿಜವಾದ ಪ್ರಶ್ನಿಗೆ ಬರ್ತೀನಿ. ಕಾಲೇಜ್ ಮುಗಿಸಿ ನಾ ಮೊದಲ ಸೇರಿದ್ ಒಂದ್ ಕಡೆ, ಹೆಸರ ಬ್ಯಾಡ, ದಿನಕ್ಕ ಇಪ್ಪತ್ತ್ ಮಂದಿಗೆ ಅಲ್ಟ್ರಾಸೌಂಡ್ ಹಚ್ತಿದ್ದೆ. ಒಂದಿನ ಹೊತ್ತ್ ಮುಳಗೂ ಮುಂದ ಕಾಲೇಜಿನ್ಯಾಗ ಕಲಿಸಿದ್ದ ನೀರಿನ ಪರೀಕ್ಷೆ ನೆನಪಾತು. ಹೆಡ್ಡನ್ನ ಮ್ಯಾಲಮುಖ ಮಾಡಿ ಹಿಡದು, ಅದರ ಮ್ಯಾಲ ನಾಲ್ಕ್ ಹನಿ ನೀರ್ ಬಿಟ್ಟು, ಚಾಲೂ ಮಾಡಿದ್ರ ಆ ನೀರು ಸಣ್ಣಗ ಕುದ್ದಂಗ ಜುಮುಜುಮು ಅಂತ ಏಳಬೇಕು, ಎರಡ್ ಸೆಕೆಂಡ್ ನೋಡಿ ಬಂದ್ ಮಾಡೋದು. ನಾ ಚಾಲೂ ಮಾಡಿದೆ, ಸ್ಕ್ರೀನ್ ಮ್ಯಾಲ ಅಂಕಿ ಬಂತು, ಟೈಮರ್ ಓಡಾಕತ್ತು, ನೀರ್ ಮಾತ್ರ ಹಂಗ ಕುಂತಿತ್ತು, ಅದರಾಗ ಮ್ಯಾಲಿನ ಟ್ಯೂಬ್‌ಲೈಟ್ ನೆಟ್ಟಗ ಕಾಣತಿತ್ತು, ಒಂದ ಒಂದ್ ಅಲಿ ಇಲ್ಲ. ಹೆಡ್ಡಿನ ಬುಡದಾಗ ವೈರ್ ಒಳಗ ಹರದಿತ್ತು. ಯಾವಾಗ ಹರದಿತ್ತೋ ದೇವರಿಗೇ ಗೊತ್ತು. ಅವತ್ತ್ ರಾತ್ರಿ ನನಗ ನಿದ್ದಿ ಬರ್ಲಿಲ್ರಿ. ಯಾಕಂದ್ರ ಅದ ವಾರ ತಿಕೋಟಾ ಕಡೆ ದ್ರಾಕ್ಷಿ ತ್ವಾಟದ ಕಾಕಾ ಒಬ್ಬರು, ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋ ಟೈಮಿನ್ಯಾಗ ಕತ್ರಿ ಹಿಡದ್ ಹಿಡದ್ ಮೊಣಕೈ ಬಾತು ಬಂದಿದ್ರು, ಅವರು ನನ್ನ ಕೈ ಹಿಡಕೊಂಡು ನಿಮ್ಮ ಮಷಿನ್ ಭಾಳ ಛಲೋ ಐತಿ, ಅರ್ಧ ನೋವ ಹೋತು ಅಂದು ಹೋಗಿದ್ರು. ರಿಪೇರಿ ಮಾಡಿಸಿ ಆದಮ್ಯಾಲ ಅವರಿಗೆ ಇದ್ದದ್ದ್ ಇದ್ದಂಗ ಹೇಳಿದೆ. ಸಿಟ್ಟಾಗ್ಲಿಲ್ಲ ಅವರು. ಹಂಗಾದ್ರ ನನಗ ಆರಾಮ ಆಗಿದ್ದು ಎದರಿಂದ್ರಿ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆ ಉತ್ತರ ಹುಡುಕಾಕ ಹೋಗೇ ನಾ ಓದಾಕ ಕುಂತೆ. ರಾಬರ್ಟ್ಸನ್ ಮತ್ತ ಬೇಕರ್ ಅನ್ನೋ ಇಬ್ಬರು ಸಂಶೋಧಕರು 2001ರಾಗ, ಅಲ್ಲಿಗೆ ಇಪ್ಪತ್ತೈದ್ ವರ್ಷದಾಗ ಆಗಿದ್ದ 35 ಪ್ರಯೋಗ ಜಾಲಾಡಿದ್ರು. ಸರಿಯಾಗಿ ಮಾಡಿದ್ದು ಅಂತ ಒಪ್ಪಬಹುದಾದಂಥವು 10 ಸಿಕ್ಕವು, ಅವುಗಳೊಳಗ 2ರಲ್ಲಿ ಮಾತ್ರ ಅಲ್ಟ್ರಾಸೌಂಡ್ ಚಾಲೂ ಇಲ್ಲದ ಮಷಿನ್‌ಗಿಂತ ಮ್ಯಾಲಾತು, ಉಳದ 8ರಾಗ ಚಾಲೂ ಮಷಿನ್, ಬಂದ್ ಮಷಿನ್ ಎರಡೂ ಒಂದ. ಗೆದ್ದ ಎರಡರಾಗ ಒಂದು ಭುಜದ್ದ, ವಿಯೆನ್ನಾದಾಗ ಮಾಡಿ 1999ರಾಗ ಬಂದದ್ದು, ಆದ್ರ ಅವರಿಗೆ ಭುಜದ ಸ್ನಾಯುರಜ್ಜಿನ್ಯಾಗ ಸುಣ್ಣದಂಥ ಗಂಟು ಕಟ್ಟಿತ್ತು, ಆರ್ ವಾರದಾಗ 24 ಸಲ ಹಚ್ಚಿದಾಗ ಕೆಲವರ ಗಂಟೂ ಕರಗ್ತು, ನೋವೂ ಕಡಿಮಿ ಆತು, ಆದ್ರ 9 ತಿಂಗಳ ಆದ ಮ್ಯಾಲ ನೋಡಿದ್ರ ನೋವಿನ್ಯಾಗ ಎರಡೂ ಗುಂಪಿಗೆ ಹೆಚ್ಚ ಫರಕ್ ಉಳದಿರ್ಲಿಲ್ಲ. ಸೊಂಟನೋವಿಗಂತೂ ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡೋ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಾಗ ಅಲ್ಟ್ರಾಸೌಂಡ್ ಕೊಡಬ್ಯಾಡ್ರಿ ಅಂತ ಸೀದಾ ಬರೀತು. ಕಾಕಾರ ಮೊಣಕೈ ಆರಾಮಾಗಿದ್ದು ಕತ್ರಿ ಕೆಳಗ ಇಟ್ಟಿದ್ದಕ್ಕ, ನಾ ಹೇಳಿದ ವ್ಯಾಯಾಮ ಎರಡೂ ಹೊತ್ತು ಮಾಡಿದ್ದಕ್ಕ, ಮತ್ತ ದಿನಾ ಒಬ್ಬರು ಕೈ ಹಿಡದು ಹೆಂಗೈತಿ ಅಂತ ಕೇಳಿದ್ದಕ್ಕ ಅಂತ ನಾ ಈಗ ನಂಬೀನಿ.

ಹಂಗಂತ ನಾ ಮಷಿನ್ ಮೂಲ್ಯಾಗ ಇಟ್ಟಿಲ್ರಿ. ಫ್ರೋಜನ್ ಶೋಲ್ಡರಿನ್ಯಾಗ ಕೀಲಿನ ಚೀಲನ ದಪ್ಪಾಗಿ ಕುಗ್ಗಿರ್ತೈತಿ, ಎಳ್ಯಾಕ ಹೋದ್ರ ಜೀವ ಹೋದಂಗ ಆಗ್ತೈತಿ, ಅಂಥೋರಿಗೆ ಕೆಲವ ಸಲ ಸತತ ಮೋಡಿನ್ಯಾಗ ಹಚ್ಚಿ ಕಾವ್ ಇರೂ ಮುಂದನ, ಅಂದ್ರ ಜೆಲ್ ಒರಸೋಕಿಂತ ಮೊದಲ, ಕೈ ಎತ್ತಿಸ್ತೀನಿ. ಹಚ್ಚೋದು ಎತ್ತಸಾಕ. ಎತ್ತಸಂಗಿಲ್ಲ ಅಂದ್ರ ಹಚ್ಚೋದ್ಯಾಕ? ನಿಮ್ಮವ್ವಾರಿಗೆ ಅಲ್ಲಿ ಒಬ್ಬರೂ ಕೈ ಎತ್ತಿಸಿಲ್ಲ, ಮನ್ಯಾಗ ಮಾಡಾಕ ಏನೂ ಹೇಳಿಲ್ಲ ಅಂತ ಬರದೀರಿ, ನನಗ ಸಂಕಟ ಆಗಿದ್ದ ಅಲ್ಲಿ. ಮೂರ್ ತಿಂಗಳಿಂದ ಹೆರಳ್ ಹಾಕೊಳ್ಳಾಕ ಬರವಲ್ದು, ಹಿಂದ ಕೈ ಹೋಗವಲ್ದು ಅಂದ್ರ ಆ ತಾಯಿಗೆ ದಿನಾ ಎಷ್ಟ್ ಕಷ್ಟ ಆಗಿರಬೇಕು.

ನಾಳೆ ಹೋದಾಗ ಸಮಾಧಾನದಿಂದ ಕೇಳ್ರಿ, ಜಗಳ ಬ್ಯಾಡ. ಎಷ್ಟ್ ಮೆಗಾಹರ್ಟ್ಜ್, ಪಲ್ಸೋ ಸತತೋ, ಎದಕ್ಕ ಹಚ್ತೀರಿ, ಹಚ್ಚಿದ ಮ್ಯಾಲ ವ್ಯಾಯಾಮ ಯಾವುದು. ತಿಳದೋರು ಇದ್ರ ಖುಷಿಯಿಂದ ಹೇಳ್ತಾರ. ಶುಗರ್ ಐತಿ ಅಂತ ಮೊದಲ ದಿನ ಹೇಳಿಲ್ಲಂದ್ರ ನಾಳೆನ ಹೇಳ್ರಿ, ಶುಗರಿನ್ಯಾಗ ಚರ್ಮದ ಸ್ಪರ್ಶ ಕಡಿಮಿ ಆಗಿರಬಹುದು, ಬಿಸಿ ತಣ್ಣಗ ಗೊತ್ತಾಗ್ತೈತೋ ಇಲ್ಲೋ ಅಂತ ಒಂದ್ ತಣ್ಣೀರಿನ ಒಂದ್ ಬಿಸಿನೀರಿನ ಬಾಟ್ಲಿ ಮುಟ್ಟಿಸಿ ನೋಡೇ ಹಚ್ಚಬೇಕು, ಗೊತ್ತಾಗದಿದ್ದ ಜಾಗಕ್ಕ ಕಾವ್ ಕೊಟ್ರ ಒಳಗ ಸುಟ್ರೂ ತಿಳಿಯಂಗಿಲ್ಲ. ಪೇಸ್‌ಮೇಕರ್ ಇದ್ದೋರು, ಕ್ಯಾನ್ಸರ್ ಗಂಟಿನ ಜಾಗ, ಬಸರೀಮಂದಿ ಹೊಟ್ಟಿ ಸೊಂಟ, ಕಾಲಿನ ರಕ್ತನಾಳದಾಗ ಹೆಪ್ಪುಗಟ್ಟಿದ್ದು, ಕಣ್ಣು, ಬೆಳಿಯೋ ಹುಡುಗರ ಎಲುಬಿನ ತುದಿ, ಇಲ್ಲೆಲ್ಲಾ ಈ ಮಷಿನ್ ಹೋಗಂಗ ಇಲ್ಲ.

ಮನ್ಯಾಗ ಇವತ್ತ ಶುರು ಮಾಡೋದು ಒಂದೈತಿ. ಬಾಗಲ ಚೌಕಟ್ಟಿನ ಬಾಜೂ ಗ್ವಾಡಿಗೆ ಮುಖ ಮಾಡಿ ಅವ್ವಾರನ್ನ ನಿಲ್ಲಸ್ರಿ, ಬಲಗೈ ಎರಡ್ ಬಟ್ಟು ಗ್ವಾಡಿ ಮ್ಯಾಲ ಇಟ್ಟು ಇರಿವಿ ಏರಿದಂಗ ಸಾವಕಾಶ ಮ್ಯಾಲ ಏರಿಸ್ಲಿ, ಹೆಗಲ ಕಿವಿಗೆ ಏರಸಬಾರದು, ಜಗ್ಗತೈತಿ ಆದ್ರ ತಡಕೊಳ್ಳಾಕ ಬರ್ತೈತಿ ಅನ್ನೋ ಜಾಗಕ್ಕ ನಿಂತು ಹತ್ತ್ ಎಣಸಬೇಕು, ಇಳಸಬೇಕು, ಹಿಂಗ ಹತ್ತ್ ಸಲ, ದಿನಕ್ಕ ಮೂರ್ ಹೊತ್ತು. ಬಟ್ಟು ಎಲ್ಲಿ ತನಕ ಹೋತು ಅಲ್ಲಿ ಸೀಸಕಡ್ಡಿಯಿಂದ ಒಂದ್ ಗೆರಿ ಹೊಡದು ತಾರೀಖ್ ಬರೀರಿ. ಜಳಕದ ಬಿಸಿನೀರ್ ಹೆಗಲ ಮ್ಯಾಲ ಹಾಕೊಂಡ್ ಬಂದಕೂಡ್ಲೆ ಮಾಡಿದ್ರ ಇನ್ನೂ ಹಗರ. ಈ ಬ್ಯಾನಿ ಸಾವಕಾಶ ಹೋಗೂವಂಥಾದ್ದು, ಒಂದ್ ವರ್ಷ ಎರಡ್ ವರ್ಷ ಹಿಡಿಯೋದೂ ಐತಿ, ಶುಗರ್ ಹತೋಟ್ಯಾಗ ಇರ್ಲಿಲ್ಲಂದ್ರ ಇನ್ನೂ ಹಟ ಮಾಡ್ತೈತಿ, ಅದಕ್ಕ ಮೂರ್ ತಿಂಗಳ ಸರಾಸರಿ ಶುಗರ್ ಟೆಸ್ಟ್ ಮಾಡಿಸಿ ಎಷ್ಟರ ಇತ್ತಂದ್ರ ಸಂಖ್ಯೆ ಇಲ್ಲೇ ಬರೀರಿ, ಜೊತಿಗೆ ಹದಿನೈದ್ ದಿನ ಬಿಟ್ಟು ಆ ಗೆರಿ ಎಷ್ಟ್ ಬಟ್ಟು ಮ್ಯಾಲ ಹೋತು ಅನ್ನೋದೂ.