ಎಂಎಸ್‌ಆರ್‌ಎ ಪರೀಕ್ಷೆಯ ಪ್ರೊಫೆಶನಲ್ ಡೈಲೆಮಾ ಪೇಪರ್‌ಗೆ ಬೆಂಗಳೂರಿನಲ್ಲಿ ಕೋಚಿಂಗ್ ಸೇರಬೇಕಾ, ಇಲ್ಲಾ ಒಳ್ಳೆ ಮನಸ್ಸಿದ್ದರೆ ಸಾಕಾ?

ದಾವಣಗೆರೆಯಲ್ಲಿ ಹೌಸ್ ಸರ್ಜನ್, ಇಂಗ್ಲೆಂಡಿನಲ್ಲಿ ಜಿಪಿ (ಫ್ಯಾಮಿಲಿ ಡಾಕ್ಟರ್) ಟ್ರೇನಿಂಗ್ ಮಾಡುವ ಆಸೆ, ಅದಕ್ಕೆ ಬರೆಯಬೇಕಾದ ಪ್ರವೇಶ ಪರೀಕ್ಷೆ ಎಂಎಸ್‌ಆರ್‌ಎ, ಅದರ ಕ್ಲಿನಿಕಲ್ ಪೇಪರ್‌ಗೆ ಹೆದರಿಕೆಯಿಲ್ಲ. ನೀವು ಬರೆದಿರುವ ಈ ಕಥೆ ನಿಮ್ಮದಷ್ಟೇ ಅಲ್ಲ, ನನ್ನದೂ. ನಾನೂ ಅದೇ ಊರಲ್ಲಿ ಓದಿದವಳು. ಡೈಲೆಮಾ ಪೇಪರ್ ಅಂದರೆ ಕೆಲಸದಲ್ಲಿ ಇಕ್ಕಟ್ಟು ಎದುರಾದಾಗ ಏನು ಮಾಡ್ತೀರಿ ಅನ್ನೋ ಪ್ರಶ್ನೆಗಳು, ಕಾಮನ್‌ಸೆನ್ಸ್ ತಾನೇ, ನಾನೇನು ಕೆಟ್ಟವಳಾ ಅಂದುಕೊಂಡೆ. ಆ ಪೇಪರ್ರೇ ಕೈಕೊಟ್ಟಿತು. ಒಂದು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ ಮಾಡಿಕೊಂಡು ಕೂರಬೇಕಾಯಿತು.

ಎಡವಿದ್ದೆಲ್ಲಿ ಅನ್ನೋದನ್ನು ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದರೆ ನಮ್ಮ ಕಡೆಯವರು ಹೆಚ್ಚಿನವರು ಅಲ್ಲೇ ಎಡವುತ್ತಾರೆ. ನಿಜವಾದ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ಅದೇ ಧಾಟಿಯದ್ದೊಂದನ್ನು ನಾನೇ ಕಟ್ಟುತ್ತೇನೆ. ನೀವು ರಾತ್ರಿ ಪಾಳಿಯಲ್ಲಿದ್ದೀರಿ. ಜೊತೆಗೆ ಕೆಲಸ ಮಾಡಬೇಕಾದ ಡಾಕ್ಟರ್ ಬರುತ್ತಾರೆ, ಬಾಯಲ್ಲಿ ಹೆಂಡದ ವಾಸನೆ. ನಾಲ್ಕು ಆಯ್ಕೆ: ಬದಿಗೆ ಕರೆದು ಕುಡಿದಿದ್ದೀರಾ ಅಂತ ಕೇಳುವುದು. ಅವರ ಮೇಲೆ ಒಂದು ಕಣ್ಣಿಡಿ ಅಂತ ಸಿಸ್ಟರ್‌ಗೆ ಹೇಳುವುದು. ಪೇಶೆಂಟ್‌ಗಳ ಹತ್ತಿರ ಹೋಗದಂತೆ ತಡೆದು ಆನ್-ಕಾಲ್ ಸೀನಿಯರ್‌ಗೆ ತಕ್ಷಣ ತಿಳಿಸುವುದು. ಬೆಳಿಗ್ಗೆ ಕನ್ಸಲ್ಟೆಂಟ್‌ಗೆ ಹೇಳುವುದು. ಇವನ್ನು ಹೆಚ್ಚು ಸೂಕ್ತದಿಂದ ಕಡಿಮೆ ಸೂಕ್ತದವರೆಗೆ ಜೋಡಿಸಬೇಕು.

ನಾನು ಜೋಡಿಸಿದ್ದು ಹೇಗೆ ಗೊತ್ತಾ? ಮೊದಲು ಕೇಳ್ತೀನಿ. ಆಮೇಲೆ ಸಿಸ್ಟರ್‌ಗೆ ಹೇಳ್ತೀನಿ. ಸರಿಹೋಗದಿದ್ದರೆ ಸೀನಿಯರ್‌ಗೆ ಫೋನ್. ಬೆಳಿಗ್ಗೆ ಕನ್ಸಲ್ಟೆಂಟ್. ಅಂದರೆ ಒಂದಾದ ಮೇಲೊಂದು ಮಾಡುವ ಕೆಲಸಗಳ ಪಟ್ಟಿ ಬರೆದೆ. ಕ್ಯಾಶುವಾಲ್ಟಿಯಲ್ಲಿ ನಾವು ಕಲಿಯೋದೇ ಹಾಗಲ್ವಾ: ಮೊದಲು ಏರ್‌ವೇ, ಆಮೇಲೆ ಬ್ರೀದಿಂಗ್, ಆಮೇಲೆ ಸರ್ಕ್ಯುಲೇಶನ್. ಆದರೆ ಈ ಪೇಪರ್ ಕೇಳುವುದು ಅನುಕ್ರಮವನ್ನಲ್ಲ. ಪ್ರತಿ ಆಯ್ಕೆಯನ್ನೂ ಬಿಡಿಯಾಗಿ ತೂಗಬೇಕು. ಇದೊಂದನ್ನೇ ಮಾಡಿ ಸುಮ್ಮನಾದರೆ ಏನಾಗುತ್ತೆ? ಬರೀ ಕುಡಿದಿದ್ದೀರಾ ಅಂತ ಕೇಳಿ ಬಿಟ್ಟರೆ ಆ ಡಾಕ್ಟರ್ ಇನ್ನೂ ವಾರ್ಡಿನಲ್ಲೇ ಇರುತ್ತಾರೆ, ಇಂಜೆಕ್ಷನ್ ಡೋಸ್ ಬರೆಯುತ್ತಿರುತ್ತಾರೆ. ತಡೆದು ಸೀನಿಯರ್‌ಗೆ ಹೇಳಿದರೆ ಮಾತ್ರ ಪೇಶೆಂಟ್ ಸುರಕ್ಷಿತ. ಹಾಗಾಗಿ ಅದು ಮೇಲೆ, ನಾನು ಮೊದಲಿಟ್ಟಿದ್ದು ಕೆಳಗೆ. ಬೆಳಿಗ್ಗೆಯವರೆಗೆ ಕಾಯುವುದನ್ನು ಕೊನೆಗಿಟ್ಟಿದ್ದು ಸರಿಯಾಗಿತ್ತು, ಆದರೆ ಬೆಳಿಗ್ಗೆ ಕಡೆಗೆ ಬರುತ್ತೆ ಅನ್ನೋ ಕಾರಣಕ್ಕೆ ಇಟ್ಟಿದ್ದು!

ಇದರ ಕೆಟ್ಟ ಗುಣ ಏನಂದರೆ, ತಪ್ಪು ಮಾಡ್ತಿದ್ದೀವಿ ಅಂತ ಗೊತ್ತೇ ಆಗಲ್ಲ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ, ನೋವು ತಿಳಿಯುತ್ತೆ. ಇಲ್ಲಿ ಮೈನಸ್ ಇಲ್ಲ. ಸರಿಯಾದ ಕ್ರಮಕ್ಕೆ ಹತ್ತಿರ ಬಂದರೂ ಒಂದಿಷ್ಟು ಅಂಕ ಬರುತ್ತೆ. ಪ್ರತಿ ಪ್ರಶ್ನೆಯಲ್ಲೂ ಒಂದೆರಡು ಸ್ಥಾನ ಆಚೀಚೆ, ಪ್ರತಿಯೊಂದರಲ್ಲೂ ಚೂರು ಚೂರು ನಷ್ಟ. 95 ನಿಮಿಷ, 50 ಪ್ರಶ್ನೆ. ಚೆನ್ನಾಗಿ ಬರೆದೆ ಅಂತ ಖುಷಿಯಿಂದ ಹೊರಗೆ ಬಂದು ಮನೆಗೆ ಫೋನ್ ಬೇರೆ ಮಾಡಿದ್ದೆ. ಜಿಪಿ ಟ್ರೇನಿಂಗ್‌ಗೆ ಇಂಟರ್‌ವ್ಯೂ ಕೂಡ ಇಲ್ಲ, ಈ ಅಂಕದ ಮೇಲೇ ಸೀಟು. ಮಾತಾಡಿ ಸರಿಮಾಡಿಕೊಳ್ಳೋಣ ಅನ್ನೋ ದಾರಿಯೂ ಇರಲಿಲ್ಲ.

ಲೀಡ್ಸ್‌ನಲ್ಲಿದ್ದ ನಮ್ಮ ಸೀನಿಯರ್ ಅಕ್ಕ ಒಬ್ಬರು ಆಮೇಲೆ ಫೋನಿನಲ್ಲಿ, ಒಂದು ಪ್ರಶ್ನೆಗೆ ನೀನು ಯೋಚನೆ ಮಾಡೋದನ್ನ ಬಾಯಿಬಿಟ್ಟು ಹೇಳು ನೋಡೋಣ ಅಂದರು. "ಮೊದಲು... ಆಮೇಲೆ..." ಅಂತ ಶುರುಮಾಡಿದ ತಕ್ಷಣ ಹಿಡಿದರು. ಬಿಡಿಯಾಗಿ ತೂಗಬೇಕು ಅನ್ನೋದು ಪರೀಕ್ಷೆಯವರೇ ಕೊಡುವ ಸೂಚನೆಯಲ್ಲಿ ಮೊದಲಿಂದಲೂ ಇತ್ತು. ನಾನು ಓದಿರಲಿಲ್ಲ ಅಷ್ಟೆ.

ಈಗ ನಿಮ್ಮ ಪ್ರಶ್ನೆಗೆ. ಕೋಚಿಂಗ್ ಬೇಡ. ಒಳ್ಳೆ ಮನಸ್ಸೂ ಸಾಕಾಗಲ್ಲ. ನೀವು ಕೇಳಿರುವ ಎರಡೂ ದಾರಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಅಲ್ಲಿನ ವ್ಯವಸ್ಥೆಯಲ್ಲಿ ಒಬ್ಬ ಕಿರಿಯ ಡಾಕ್ಟರ್ ಏನು ಮಾಡಬೇಕು ಅನ್ನೋದಷ್ಟೇ ಈ ಪೇಪರ್‌ಗೆ ಬೇಕು. ಅದು ಬರೆದಿರುವುದು ಬ್ರಿಟನ್ನಿನ ವೈದ್ಯರನ್ನು ನಿಯಂತ್ರಿಸುವ ಜನರಲ್ ಮೆಡಿಕಲ್ ಕೌನ್ಸಿಲ್‌ನ 'ಗುಡ್ ಮೆಡಿಕಲ್ ಪ್ರಾಕ್ಟೀಸ್' ಮಾರ್ಗಸೂಚಿಯಲ್ಲಿ. 2024ರ ಜನವರಿ 30ರಿಂದ ಹೊಸ ಆವೃತ್ತಿ ಜಾರಿಯಲ್ಲಿದೆ. ಪುಕ್ಕಟೆ ಸಿಗುತ್ತೆ. ಗೌಪ್ಯತೆಯ ಬಗ್ಗೆ ಅವರದೇ ಬೇರೆ ಮಾರ್ಗಸೂಚಿ ಇದೆ, ಅದನ್ನೂ ಓದಿ. ಅಲ್ಲಿ ನಿಮಗೆ ಉಸಿರು ಕಟ್ಟುವುದು ಖಂಡಿತ. ಹರಿಹರದಿಂದಲೋ ಜಗಳೂರಿಂದಲೋ ಬಂದ ಮಗ "ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ" ಅಂದಾಗ ನಾವು ತಲೆಯಾಡಿಸುತ್ತೇವೆ ತಾನೇ? ಅಲ್ಲಿ ಅಪ್ಪನ ಒಪ್ಪಿಗೆ ಇಲ್ಲದೆ ಮಗನಿಗೆ ಹೇಳುವುದೇ ತಪ್ಪು. ಯಾರ ಪದ್ಧತಿ ಮೇಲು ಅಂತ ಪರೀಕ್ಷಾ ಹಾಲ್‌ನಲ್ಲಿ ವಾದ ಬೇಡ.

ಇಂಥ ಪರೀಕ್ಷೆಯೇ ನಾಟಕ ಅಂತಲೂ ಬರೆದಿದ್ದೀರಿ. ಪೂರ್ತಿ ಒಪ್ಪಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಮೆಡಿಕಲ್ ಪ್ರವೇಶಕ್ಕೆ ವಿಡಿಯೋ ತೋರಿಸಿ ಇಂಥದ್ದೇ ಪರೀಕ್ಷೆ ಮಾಡುತ್ತಿದ್ದರು. ಅದರ ಅಂಕಕ್ಕೂ ಆ ವಿದ್ಯಾರ್ಥಿಗಳು ವರ್ಷಗಳ ನಂತರ ಇಂಟರ್ನ್ ಆಗಿ ಮಾಡಿದ ಕೆಲಸಕ್ಕೂ ಸಂಬಂಧ ಕಂಡಿತ್ತು. ಹಾಗಂತ ಎಲ್ಲ ಕಡೆ ಸಲೀಸಾಗಿ ನಡೆದಿಲ್ಲ. ಬ್ರಿಟನ್ನಿನಲ್ಲಿ ಫೌಂಡೇಶನ್ ಡಾಕ್ಟರ್‌ಗಳನ್ನು, ಅಂದರೆ ಮೆಡಿಕಲ್ ಮುಗಿಸಿದ ಹೊಸಬರನ್ನು, ಕೆಲಸದ ಜಾಗಗಳಿಗೆ ಹಂಚಲು ಇಂಥ ಪರೀಕ್ಷೆಯನ್ನು 2013ರಲ್ಲಿ ತಂದರು. ಆ ವರ್ಷವೇ ಉತ್ತರ ಪತ್ರಿಕೆ ಸ್ಕ್ಯಾನಿಂಗ್ ಎಡವಟ್ಟಾಗಿ ಕೊಟ್ಟ ಆಫರ್ ವಾಪಸ್ ತಗೊಂಡರು. 2024ರ ಬ್ಯಾಚಿನಿಂದ ಅಲ್ಲಿ ಈ ಪರೀಕ್ಷೆಯೇ ಇಲ್ಲ. ಆದರೆ ನಿಮ್ಮ ಎಂಎಸ್‌ಆರ್‌ಎಯಲ್ಲಿ ಇನ್ನೂ ಉಳಿದಿದೆ, ಬರೀಲೇಬೇಕು.

ಮಾದರಿ ಪ್ರಶ್ನೆಗಳನ್ನು ಒಬ್ಬರೇ ಕೂತು ಬಿಡಿಸಬೇಡಿ. ರೂಮ್‌ಮೇಟ್ ಮುಂದೆ ಜೋರಾಗಿ ಕಾರಣ ಹೇಳಿ. "ಆಮೇಲೆ" ಅನ್ನೋ ಮಾತು ಬಂದರೆ ನಿಲ್ಲಿಸಿ, ಮತ್ತೆ ಶುರುಮಾಡಿ. ನಾನು ಎರಡನೇ ಸಲ ಹೀಗೇ ತಯಾರಾಗಿದ್ದು, ಸೀಟೂ ಸಿಕ್ಕಿತು. ಇನ್ನೊಂದು: ಪರೀಕ್ಷೆ ಪಿಯರ್‌ಸನ್ ವ್ಯೂ ಕಂಪನಿಯ ಕಂಪ್ಯೂಟರ್ ಪರೀಕ್ಷಾ ಸೆಂಟರ್‌ನಲ್ಲಿ. ಆಹ್ವಾನ ಬಂದ ದಿನವೇ ಬೆಂಗಳೂರಿನ ಸ್ಲಾಟ್ ಬುಕ್ ಮಾಡಿ, ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಬೆಳಗಿನ ರೈಲು ನಂಬಬೇಡಿ.