ಹಾಡುಗಾರನಿಲ್ಲದ ನಾಲ್ವರ ರಾಕ್ ಬ್ಯಾಂಡ್: ಮೈಕ್ ಯಾರ ಮುಂದೆ?

ಪ್ರಶ್ನೆ: ನಾವು ನಾಲ್ವರು. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ಎಲ್ಲ ಇದೆ, ಹಾಡುವವರು ಮಾತ್ರ ಇಲ್ಲ. ಹುಡುಕಿ ಹುಡುಕಿ ಸಾಕಾಯಿತು. ನಮ್ಮಲ್ಲೇ ಒಬ್ಬರು ಹಾಡಿದರೆ ನಡೆದೀತೇ? ಯಾರು ಹಾಡಬೇಕು?
– ವಿದ್ಯಾರ್ಥಿ, ಮಣಿಪಾಲ

ಹುಡುಕುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮದು ಅರೆಬರೆ ಬ್ಯಾಂಡ್ ಅಲ್ಲ. ಹಾಡುಗಾರ, ಗಿಟಾರ್ ವಾದಕ ಸಿಡ್ ಬ್ಯಾರೆಟ್ 1968ರಲ್ಲಿ ಹೊರಬಿದ್ದ ಮೇಲೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಇದ್ದದ್ದು ಹೀಗೆಯೇ: ಗಿಲ್ಮೋರ್ ಗಿಟಾರ್, ವಾಟರ್ಸ್ ಬೇಸ್, ರೈಟ್ ಕೀಬೋರ್ಡ್, ಮೇಸನ್ ಡ್ರಮ್ಸ್. ಮೊದಲ ಮೂವರೂ ಹಾಡುತ್ತಿದ್ದರು. ಅವರ 1973ರ ‘ಟೈಮ್’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಚರಣ ಗಿಲ್ಮೋರ್ ಅವರದು, ನಡುವೆ ಮೆತ್ತಗೆ ಬರುವ ಭಾಗ ರೈಟ್ ಅವರದು. ಒಂದೇ ಹಾಡಿನಲ್ಲಿ ದನಿ ಬದಲಾದಾಗ ಹಾಡಿನ ಬಣ್ಣವೇ ಬದಲಾಗುತ್ತದೆ. ಒಬ್ಬನೇ ಹಾಡುಗಾರನಿರುವ ಬ್ಯಾಂಡಿಗೆ ಈ ಅನುಕೂಲ ಇಲ್ಲ. ಏಷ್ಯಾ ಬ್ಯಾಂಡಿನ ಮೊದಲ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಜಾನ್ ವೆಟ್ಟನ್ ಅವರೇ ಮುಖ್ಯ ಗಾಯಕ. ಟಾಕಿಂಗ್ ಹೆಡ್ಸ್, ಕ್ಯಾಮೆಲ್, ಫಿಶ್ ಬ್ಯಾಂಡುಗಳೂ ಇದೇ ಕಟ್ಟಿನವು.

ನಮ್ಮ ಊರಲ್ಲೂ ಇದು ಹೊಸತಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಬರೀ ಹಾಡುವವರು ಯಾರೂ ಇಲ್ಲ. ಭಾಗವತರ ಕೈಯಲ್ಲೂ ತಾಳ ಇರುತ್ತದೆ. ಪದದ ಸೂಕ್ಷ್ಮ ಜಾಗದಲ್ಲಿ ಚೆಂಡೆ ಸುಮ್ಮನಿರುತ್ತದೆ, ಮದ್ದಳೆ ನಡೆಸುತ್ತದೆ. ನಿಮ್ಮ ನಾಲ್ವರಿಗೂ ಬೇಕಾದದ್ದು ಈ ಬಿಟ್ಟುಕೊಡುವ ಅಭ್ಯಾಸವೇ.

ಯಾರು ಹಾಡಬೇಕು ಎಂಬುದಕ್ಕೆ ಒಂದು ಪರೀಕ್ಷೆ ಮಾಡಿ. ಒಂದೇ ಚರಣವನ್ನು ಒಬ್ಬೊಬ್ಬರಾಗಿ, ತಮ್ಮ ವಾದ್ಯ ನುಡಿಸುತ್ತಲೇ ಹಾಡಲಿ. ಫೋನನ್ನು ಮೂರು ಮೀಟರ್ ದೂರ ಇಟ್ಟು ರೆಕಾರ್ಡ್ ಮಾಡಿ. ಕೇಳುವಾಗ ದನಿಗಿಂತ ಮೊದಲು ಕೈಯನ್ನು ಗಮನಿಸಿ. ಚೆಂದದ ದನಿಯವನು ಹಾಡುವಾಗ ತಾಳ ಎಳೆದರೆ ಇಡೀ ಬ್ಯಾಂಡ್ ಎಳೆಯುತ್ತದೆ. ಸಾಮಾನ್ಯವಾಗಿ ಸುಲಭ ಕೀಬೋರ್ಡಿನವರಿಗೇ: ಎಡಗೈ ಬಿಟ್ಟರೂ ಹಾಡು ಕುಸಿಯುವುದಿಲ್ಲ, ತಲೆ ಅಲುಗಾಡುವುದಿಲ್ಲ, ಮೈಕ್ ಇಟ್ಟಲ್ಲೇ ಇರುತ್ತದೆ. ಆದರೆ ಕೀಬೋರ್ಡನ್ನು ವೇದಿಕೆಯ ಬದಿಗೆ ಅಡ್ಡ ಇಡಬೇಡಿ, ಹಾಡುವವರ ಮುಖ ಜನರ ಕಡೆಗೇ ಇರಲಿ.

ಶ್ರುತಿಯನ್ನು ಹಾಡುವವರ ಗಂಟಲಿಗೆ ಹೊಂದಿಸಿ, ಮೂಲ ರೆಕಾರ್ಡಿಗಲ್ಲ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿ ಇಳಿಸುವವರು ಮುಂದಿನ ಹಾಡಿಗೆ ಅದನ್ನು ವಾಪಸ್ ತರಲು ಮರೆಯುತ್ತಾರೆ. ವೇದಿಕೆಯಲ್ಲಿ ಮರ್ಯಾದೆ ಹೋಗುವುದು ಹೆಚ್ಚಾಗಿ ಇದರಿಂದಲೇ. ಬೆರಳಲ್ಲೇ ಹೊಸ ಶ್ರುತಿ ಕಲಿಯಿರಿ.

ಪ್ರಶ್ನೆ: ಬೇಸ್ ನುಡಿಸುವುದೂ ಹಾಡುವುದೂ ನಾನೇ. ಬೇರೆ ಬೇರೆಯಾಗಿ ಎರಡೂ ಸರಿ, ಒಟ್ಟಿಗೆ ಮಾಡಿದರೆ ಕೈ ಮಾತಿನ ಹಿಂದೆ ಓಡುತ್ತದೆ.
– ಸುರತ್ಕಲ್

ಗಿಟಾರಿನ ಸ್ಟ್ರಮ್ಮಿಂಗ್ ಹಾಡಿನ ಜೊತೆ ಹೋಗುತ್ತದೆ, ಬೇಸ್ ಹೋಗುವುದು ಡ್ರಮ್ಸ್ ಜೊತೆ. ನಿಮ್ಮ ಬಾಯಿ ಒಂದು ಲಯದಲ್ಲಿ, ಕೈ ಇನ್ನೊಂದರಲ್ಲಿ. ಹಾಗಾಗಿ ಕಷ್ಟವಾಗುವುದು ಸಹಜ.

ಮೆಟ್ರೋನೋಮನ್ನು ಹಾಡಿನ ವೇಗದ ಶೇ 60ಕ್ಕೆ ಇಳಿಸಿ. ನಿಮಿಷಕ್ಕೆ 120 ಏಟಿನ ಹಾಡಾದರೆ 72. ಬೇಸ್ ನುಡಿಸುತ್ತಲೇ ಪಕ್ಕದವರ ಜೊತೆ ಊಟದ ಸಂಗತಿ ಮಾತಾಡಲು ಬರುವವರೆಗೆ ಕೈಯನ್ನೇ ಪಳಗಿಸಿ. ಅದಾಗುವ ಮೊದಲು ಹಾಡಲು ಹೋದರೆ ಶ್ರಮ ವ್ಯರ್ಥ. ಆಮೇಲೆ ಸಾಹಿತ್ಯವನ್ನು ರಾಗವಿಲ್ಲದೆ, ಬರೀ ಲಯದಲ್ಲಿ ಹೇಳಿ. ಎರಡೆರಡು ಬಾರ್ (ನಾಲ್ಕು ಏಟಿನ ಒಂದು ಸುತ್ತು) ಮಾತ್ರ. ಹಾಳೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು, ಯಾವ ಅಕ್ಷರ ಯಾವ ಏಟಿನ ಮೇಲೆ ಬೀಳುತ್ತದೆ, ಯಾವುದು ನಡುವೆ ಬೀಳುತ್ತದೆ ಎಂದು ಗುರುತು ಮಾಡಿ. ಕೈ ಜಾರುವುದು ಆ ನಡುವಿನ ಅಕ್ಷರಗಳಲ್ಲೇ. ರಾಗ ಸೇರಿಸುವುದು ಕೊನೆಗೆ. ವೇಗ ಏರಿಸುವಾಗ ಒಂದು ಸಲಕ್ಕೆ ನಿಮಿಷಕ್ಕೆ ನಾಲ್ಕು ಏಟು ಮಾತ್ರ.

ಇಷ್ಟಾದರೂ ಒಂದು ಸಾಲು ಕೈಕೊಟ್ಟರೆ ಆ ಸಾಲಿನಡಿ ಬೇಸನ್ನು ಸರಳ ಮಾಡಿ: ಮೊದಲ ಮತ್ತು ಮೂರನೇ ಏಟಿಗೆ ಮೂಲಸ್ವರ, ಅಷ್ಟೇ. ಗಮಕದಂಥ ಓಟವೆಲ್ಲ ಸಾಲು ಮುಗಿದು ನೀವು ಉಸಿರು ತೆಗೆಯುವ ಜಾಗದಲ್ಲಿ ಬರಲಿ.

ಪ್ರಶ್ನೆ: ಪ್ರಾಕ್ಟೀಸಿನಲ್ಲಿ ಗಿಟಾರೂ ಕೀಬೋರ್ಡೂ ಸೇರಿ ಗೊಜ್ಜಾಗುತ್ತದೆ, ಹಾಡು ಕೇಳಿಸುವುದೇ ಇಲ್ಲ. ಮೈಕ್ ಏರಿಸಿದರೆ ಕೂಗುತ್ತದೆ.
– ಬಿಜೈ

ಮೈಕ್ ಏರಿಸಬೇಡಿ, ಎಡಗೈ ಎತ್ತಿ. ಒಬ್ಬರೇ ಕುಳಿತು ಕಲಿತ ಕೀಬೋರ್ಡ್ ವಾದಕರು ಎಡಗೈಯಲ್ಲಿ ಬೇಸ್ ನುಡಿಸುತ್ತಾರೆ. ದಿ ಡೋರ್ಸ್ ಬ್ಯಾಂಡಿನ ರೇ ಮಂಜಾರೆಕ್ ಅವರಿಗೆ ಅದು ಸರಿ, ಅವರ ವೇದಿಕೆಯಲ್ಲಿ ಬೇಸ್ ಗಿಟಾರ್ ಇರಲಿಲ್ಲ. ನಿಮ್ಮಲ್ಲಿ ಇದೆ. ಮಿಡ್ಲ್ ಸಿ (ಕೀಬೋರ್ಡಿನ ನಡುಭಾಗದ ಸಿ) ಗಿಂತ ಒಂದು ಆಕ್ಟೇವ್ ಕೆಳಗಿನ ಸಿ ನಿಮ್ಮ ಗಡಿ, ಅದರಾಚೆ ಹೋಗಬೇಡಿ.

ಜಿ ಮೇಜರನ್ನೇ ತೆಗೆದುಕೊಳ್ಳಿ. ಬೇಸಿನಲ್ಲಿ ಜಿ. ಗಿಟಾರಿನಲ್ಲಿ ದಪ್ಪ ತಂತಿಗಳ ಮೂರನೇ ಫ್ರೆಟ್ಟಿನ ಜಿ–ಡಿ ಪವರ್ ಕಾರ್ಡ್, ಅಂದರೆ ಎರಡೇ ಸ್ವರದ ಕಾರ್ಡ್. ಕೀಬೋರ್ಡಿನಲ್ಲಿ ಬಲಗೈ ಮಾತ್ರ, ಮಿಡ್ಲ್ ಸಿ ಮೇಲಿನ ಡಿ–ಜಿ–ಬಿ. ಕಾರ್ಡನ್ನು ಮೇಜರ್ ಮಾಡುವ ಬಿ ಈಗ ಕೀಬೋರ್ಡಿನಲ್ಲಿ ಮಾತ್ರ ಇದೆ, ಆದ್ದರಿಂದ ಮೆಲ್ಲಗೆ ನುಡಿಸಿದರೂ ಕಿವಿಗೆ ಬೀಳುತ್ತದೆ. ಮಿಕ್ಸರಿನಲ್ಲಿ ಕೀಬೋರ್ಡಿಗೆ 150 ಹರ್ಟ್ಸ್, ಗಿಟಾರಿಗೆ 100 ಹರ್ಟ್ಸ್ ಕೆಳಗೆ ಕತ್ತರಿಸಿ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಗಿಟಾರಿನಲ್ಲಿ ಅಲ್ಲಿ 3 ಡೆಸಿಬಲ್ ಇಳಿಸಿದರೆ ಸಾಹಿತ್ಯ ಮೇಲೆದ್ದು ಬರುತ್ತದೆ.

ಪ್ರಶ್ನೆ: ಮೊಂತಿ ಫೆಸ್ತ್ ಕಾರ್ಯಕ್ರಮಕ್ಕೆ 12 ಚಾನೆಲ್ ಮಿಕ್ಸರ್ ಬಾಡಿಗೆಗೆ ಸಿಗುತ್ತದೆ. ಸಾಕೇ? ಗಿಟಾರ್ ಹಿಡಿದು ಹಾಡುವಾಗ ತುಟಿಗೆ ಶಾಕ್ ಹೊಡೆಯುವುದೇಕೆ?
– ಕಲ್ಯಾಣಪುರ

ಶಾಕಿನ ವಿಷಯ ಮೊದಲು, ಏಕೆಂದರೆ ಇದು ಜೀವಕ್ಕೆ ಸಂಬಂಧಿಸಿದ್ದು. ನಿಮ್ಮ ಬೆರಳು ತಂತಿಯ ಮೇಲಿದೆ, ತಂತಿ ಗಿಟಾರ್ ಆಂಪಿನ ಅರ್ತಿಗೆ ಸೇರಿದೆ. ತುಟಿ ಮೈಕಿನ ಜಾಲರಿಗೆ ತಾಗಿದೆ, ಅದು ಮಿಕ್ಸರಿನ ಅರ್ತಿಗೆ ಸೇರಿದೆ. ಎರಡು ಬೇರೆ ಬೋರ್ಡುಗಳಿಂದ ಕರೆಂಟ್ ತೆಗೆದು, ಒಂದರಲ್ಲಿ ಅರ್ತ್ ಕೆಟ್ಟಿದ್ದರೆ ನಡುವಿನ ತಂತಿ ನೀವೇ ಆಗುತ್ತೀರಿ. ಹಾಡುತ್ತ ನುಡಿಸುವವರಿಗೇ ಈ ಅಪಾಯ ಹೆಚ್ಚು, ಒದ್ದೆ ನೆಲದಲ್ಲಂತೂ ಇನ್ನೂ ಹೆಚ್ಚು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಲರಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಮೈಕ್ ಮುಟ್ಟಬೇಡಿ. ವೇದಿಕೆಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಲೈನ್ ಎಳೆಸಿ. ಗುಂಯ್‌ಗುಟ್ಟುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಕೀಳುವವರಿದ್ದಾರೆ, ಅದನ್ನು ಎಂದಿಗೂ ಒಪ್ಪಬೇಡಿ. ಆ ಕೆಲಸಕ್ಕೆ ಡಿಐ ಬಾಕ್ಸಿನಲ್ಲಿ (ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಪುಟ್ಟ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ.

ಇನ್ನು ಚಾನೆಲ್ ಲೆಕ್ಕ. ಡ್ರಮ್ಸ್‌ನಲ್ಲಿ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) 1, ಸ್ನೇರ್ 1, ಓವರ್‌ಹೆಡ್ (ಮೇಲಿನಿಂದ ಹಿಡಿಯುವ ಮೈಕ್) 2, ಬೇಸ್ 1, ಗಿಟಾರ್ 1, ಕೀಬೋರ್ಡ್ 2, ಹಾಡಲು 3. ಒಟ್ಟು 11. ಆದರೆ 12 ಚಾನೆಲ್ ಎಂದು ಬರೆದ ಎಷ್ಟೋ ಮಿಕ್ಸರುಗಳಲ್ಲಿ ಮೈಕ್ ಕೇಬಲ್ ಹೋಗುವ ತೂತು ನಾಲ್ಕೋ ಆರೋ ಇರುತ್ತವೆ, ಉಳಿದದ್ದು ಸ್ಟೀರಿಯೋ ಲೈನ್. ಬಾಡಿಗೆಗೆ ಮೊದಲು ಬೆರಳಿಟ್ಟು ಎಣಿಸಿ. ಕಡಿಮೆ ಬಿದ್ದರೆ ಓವರ್‌ಹೆಡ್ ಒಂದಕ್ಕೆ ಇಳಿಸಿ, ಕೀಬೋರ್ಡನ್ನು ‘ಎಲ್/ಮೋನೋ’ ಜಾಕಿನಿಂದ ಮಾತ್ರ ತೆಗೆಯಿರಿ. ಹಾಡುವ ಮೈಕ್ ಕಡಿಮೆ ಮಾಡಬೇಡಿ. ಮೈಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದು ಹಿಡಿದು ನೇರ ಹಿಂದಿನದನ್ನು ಬಿಡುವಂಥದ್ದು) ಆದರೆ ಮಾನಿಟರ್ ಸ್ಪೀಕರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಅದರ ನೇರ ಹಿಂದೆ ಇರಲಿ, ಸೂಪರ್‌ಕಾರ್ಡಿಯಾಯ್ಡ್ (ನೇರ ಹಿಂದಿನದನ್ನೂ ಸ್ವಲ್ಪ ಹಿಡಿಯುವಂಥದ್ದು) ಆದರೆ ಸ್ವಲ್ಪ ಬದಿಗೆ. ಇದು ಉಲ್ಟಾ ಆದರೆ ಕೂಗುತ್ತದೆ.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಕೀಬೋರ್ಡಿನ ಮೂರು ಕೀ ಮೆಲ್ಲಗೆ ಒತ್ತಿದರೂ ಜೋರಾಗಿ ಹೊಡೆಯುತ್ತವೆ.
– ಮಲ್ಪೆ

ಪ್ರತಿ ಕೀ ಅಡಿಯಲ್ಲಿ ರಬ್ಬರ್ ಗುಬ್ಬಿಯೊಳಗೆ ಎರಡು ಕರಿ ಕಾರ್ಬನ್ ಚುಕ್ಕೆಗಳಿರುತ್ತವೆ. ಒಂದು ಮೊದಲು ಮುಟ್ಟುತ್ತದೆ, ಇನ್ನೊಂದು ಆಮೇಲೆ. ನಡುವಿನ ಸಮಯ ಅಳೆದು ಯಂತ್ರ ನಿಮ್ಮ ಒತ್ತಡವನ್ನು ಊಹಿಸುತ್ತದೆ. ತೇವ, ಧೂಳು ಕೂತು ಒಂದು ಚುಕ್ಕೆ ಸರಿಯಾಗಿ ಮುಟ್ಟದಿದ್ದರೆ ಲೆಕ್ಕ ತಪ್ಪುತ್ತದೆ. ಕೀ ಕಿರುಚುತ್ತದೆ, ಇಲ್ಲವೇ ಮೂಕಾಗುತ್ತದೆ.

ವಾರಂಟಿ ಮುಗಿದಿದ್ದರೆ ಬಿಚ್ಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಜಾಗದ ಫೋಟೋ ತೆಗೆದುಕೊಳ್ಳಿ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಸರ್ಕ್ಯೂಟ್ ಬೋರ್ಡಿನ ಗುರುತುಗಳನ್ನು ಒರೆಸಿ. ರಬ್ಬರಿನ ಚುಕ್ಕೆಗಳನ್ನು ಬರೀ ಮುಟ್ಟಿದಂತೆ ಒರೆಸಿ, ತಿಕ್ಕಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಅರ್ಧ ಗಂಟೆ ಒಣಗಿಸಿ ಜೋಡಿಸಿ. ಮುಂದಿನ ಜೂನಿಗೆ ಪ್ಲಾಸ್ಟಿಕ್ ಹೊದಿಕೆ ತೆಗೆದುಹಾಕಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಹತ್ತಿ ಬಟ್ಟೆ ಹೊದಿಸಿ, ಕೇಸಿನೊಳಗೆ ಸಿಲಿಕಾ ಜೆಲ್ ಇಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬದಲಿಸಿ.